ನಂಬುವವನ ಹೊಣೆ

‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ಕನ್ನಡದ ಒಂದು ಗಾದೆ. ‘ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದರಂತೆ’ ಎಂಬುದು ಇನ್ನೊಂದು. ಮೊದಲನೆಯದು ಉಪದೇಶ, ಎರಡನೆಯದು ಹಾಸ್ಯ. ಹೇಳುವುದು ಒಂದನ್ನೇ: ಕೇಳಿದ್ದನ್ನೆಲ್ಲ ನಂಬಬಾರದು. ಆದರೆ ಈ ‘ಬಾರದು’ ಎಂಥದು? ಆಧಾರವಿಲ್ಲದೆ ನಂಬಿದವನು ಬರಿಯ ದಡ್ಡನೋ, ಅಥವಾ ಅಪರಾಧಿಯೋ? ಎತ್ತು ಈಯಿತೆಂದು ನಂಬಿದವನನ್ನು ನೋಡಿ ನಾವು ನಗುತ್ತೇವೆಯೇ ಹೊರತು ಅವನ ಮೇಲೆ ತಪ್ಪು ಹೊರಿಸುವುದಿಲ್ಲ.

ಹೊರಿಸಬೇಕು ಎಂದು ವಾದಿಸಿದವನು ಲಂಡನ್ನಿನ ಗಣಿತದ ಪ್ರಾಧ್ಯಾಪಕ ವಿಲಿಯಂ ಕ್ಲಿಫರ್ಡ್. ನಂಬಿಕೆಯ ನೀತಿಯನ್ನು ಕುರಿತ ಅವನ ಪ್ರಬಂಧ 1877ರಲ್ಲಿ ಪ್ರಕಟವಾಯಿತು. ಸಾಕಷ್ಟು ಆಧಾರವಿಲ್ಲದೆ ಏನನ್ನೇ ಆಗಲಿ ನಂಬುವುದು ಎಲ್ಲ ಕಾಲಕ್ಕೂ, ಎಲ್ಲರ ಪಾಲಿಗೂ ತಪ್ಪು ಎಂಬುದು ಅದರ ಸಿದ್ಧಾಂತ. ಅವನು ಕೊಟ್ಟ ಮೊದಲ ದೃಷ್ಟಾಂತ ಒಬ್ಬ ಹಡಗಿನ ಯಜಮಾನನದು. ಹಡಗು ಹಳೆಯದು, ಅದರಲ್ಲಿ ಹೊರಡುವವರು ನಾಡು ಬಿಟ್ಟು ಹೋಗುವ ಬಡವರು. ದುರಸ್ತಿ ಮಾಡಿಸಬೇಕಾಗಿತ್ತೇನೋ ಎಂಬ ಸಂಶಯ ಯಜಮಾನನಿಗೆ ಬರುತ್ತದೆ. ಇಷ್ಟು ಸಲ ಹೋಗಿ ಬಂದ ಹಡಗಲ್ಲವೇ, ದೇವರು ಕಾಪಾಡುತ್ತಾನೆ ಎಂದು ಅವನು ಆ ಸಂಶಯವನ್ನು ಅದುಮಿಬಿಡುತ್ತಾನೆ. ಹಡಗು ನಡುಗಡಲಲ್ಲಿ ಮುಳುಗುತ್ತದೆ, ವಿಮೆಯ ಹಣ ಯಜಮಾನನಿಗೆ ಬರುತ್ತದೆ. ಅವನು ನಂಬಿದ್ದು ಮನಃಪೂರ್ವಕವಾಗಿಯೇ. ಆದರೆ ಹಾಗೆ ನಂಬುವ ಹಕ್ಕು ಅವನಿಗಿರಲಿಲ್ಲ. ಹಡಗು ಸುಖವಾಗಿ ದಡ ಸೇರಿದ್ದರೂ ಅವನ ತಪ್ಪು ತಪ್ಪೇ ಎನ್ನುತ್ತಾನೆ ಕ್ಲಿಫರ್ಡ್. ಬಂದರಿನ ಊರಾದ ಮಂಗಳೂರಿನವರಿಗೆ ಈ ದೃಷ್ಟಾಂತವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವನ ಎರಡನೆಯ ದೃಷ್ಟಾಂತ ಇದಕ್ಕಿಂತ ಕಠೋರವಾದುದು. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಕ್ಲಿಫರ್ಡನ ಬಾಣ ತಾಗಬೇಕಾದದ್ದು ಮಧ್ಯಯುಗದವರಿಗೆ ಎಂಬ ಅಭಿಪ್ರಾಯ ನಮ್ಮ ವಿದ್ಯಾವಂತರಲ್ಲಿ ಬೇರೂರಿದೆ. ಆಗಿನವರು ಶಾಸ್ತ್ರ ಹೇಳಿತೆಂದು ನಂಬಿದರು, ನಾವು ಪ್ರಯೋಗಾಲಯ ತೋರಿಸಿತೆಂದು ನಂಬುತ್ತೇವೆ. ಆದ್ದರಿಂದ ಅವರದು ಕುರುಡು ನಂಬಿಕೆ, ನಮ್ಮದು ವಿಚಾರ. ಈ ಮಾತನ್ನು ಆಡುವವರಲ್ಲಿ ಹೆಚ್ಚಿನವರು ಮಧ್ಯಯುಗದ ಒಂದು ಗ್ರಂಥವನ್ನಾದರೂ ಬಿಚ್ಚಿ ನೋಡಿದವರಲ್ಲ. ಅಂದರೆ ಇದೂ ಆಧಾರವಿಲ್ಲದ ನಂಬಿಕೆಯೇ. ಇದನ್ನು ಪರೀಕ್ಷಿಸಲು ಮಂಗಳೂರಿನಂಥ ಸ್ಥಳ ಇನ್ನೊಂದಿಲ್ಲ. ಉತ್ತರಕ್ಕೆ ಅರುವತ್ತು ಕಿಲೋಮೀಟರಿನೊಳಗೆ ಉಡುಪಿ, ಮಧ್ವಸಿದ್ಧಾಂತದ ತವರು. ಈಶಾನ್ಯಕ್ಕೆ, ಅದಕ್ಕಿಂತ ಹತ್ತಿರದಲ್ಲಿ, ಧವಲಾ ಗ್ರಂಥದ ತಾಳೆಯೋಲೆಗಳನ್ನು ಶತಮಾನಗಳ ಕಾಲ ಕಾದುಕೊಂಡ ಮೂಡುಬಿದಿರೆ. ಇನ್ನು ಊರೊಳಗೇ ಸಂತ ಥಾಮಸ್ ಅಕ್ವಿನಾಸರ ಪರಂಪರೆ. ಇಟಲಿಯ ಜೆಸ್ವಿಟ್ ಪಾದ್ರಿಗಳು 1878ರ ಕೊನೆಯಲ್ಲಿ ಇಲ್ಲಿಗೆ ಬಂದರು. ಕೆಥೊಲಿಕ್ ವಿದ್ಯಾಲಯಗಳಲ್ಲಿ ಅಕ್ವಿನಾಸರ ತತ್ತ್ವಶಾಸ್ತ್ರವನ್ನೇ ಬೋಧಿಸಬೇಕೆಂದು ಹದಿಮೂರನೆಯ ಲಿಯೋ ಪೋಪರು ಆದೇಶ ಹೊರಡಿಸಿದ್ದು 1879ರಲ್ಲಿ. ಸಂತ ಅಲೋಶಿಯಸ್ ಕಾಲೇಜು ಆರಂಭವಾದದ್ದು 1880ರಲ್ಲಿ. ಕ್ಲಿಫರ್ಡನ ಪ್ರಬಂಧವೂ ಅದಕ್ಕೆ ಉತ್ತರವಾಗಬಲ್ಲ ಹಳೆಯ ಶಾಸ್ತ್ರವೂ ಹೆಚ್ಚುಕಡಮೆ ಒಂದೇ ಕಾಲಕ್ಕೆ ಹೊರಟಂತಾಯಿತು.

ಮೊದಲು ಉಡುಪಿಯ ಕಡೆಗೆ ಹೋಗೋಣ. ಮಧ್ವಾಚಾರ್ಯರ ‘ಪ್ರಮಾಣಲಕ್ಷಣ’ ಒಂದು ಪುಟ್ಟ ಪ್ರಕರಣ. ಅದರ ವಿಚಾರವನ್ನು ಬಿಡಿಸಿ ಹದಿನಾಲ್ಕನೆಯ ಶತಮಾನದಲ್ಲಿ ಜಯತೀರ್ಥರು ಬರೆದ ‘ಪ್ರಮಾಣಪದ್ಧತಿ’ ದ್ವೈತ ವಿದ್ಯಾರ್ಥಿಗಳಿಗೆ ಇಂದಿಗೂ ಪ್ರವೇಶದ ಬಾಗಿಲು. ಪ್ರತ್ಯಕ್ಷ, ಅನುಮಾನ, ಆಗಮ ಎಂಬ ಮೂರು ಪ್ರಮಾಣಗಳಿಗೆ ಮೂರು ಪರಿಚ್ಛೇದ. ಸಂಸ್ಕೃತದ ಶಾಸ್ತ್ರಗ್ರಂಥಗಳಲ್ಲಿ ಇಷ್ಟು ತಿಳಿಯಾದ ಬರವಣಿಗೆ ಅಪರೂಪ. ಎದುರಾಳಿಯ ಮಾತನ್ನು ಪೂರ್ತಿ ಆಡಗೊಟ್ಟು ಅನಂತರ ಉತ್ತರಿಸುವ ಸೌಜನ್ಯವೂ ಅದರಲ್ಲಿದೆ.

ಈ ಗ್ರಂಥದಲ್ಲಿ ನನ್ನ ಗಮನವನ್ನು ಹಿಡಿದು ನಿಲ್ಲಿಸುವುದು ಒಂದು ವಿಶೇಷಣ. ಮೂರು ಪ್ರಮಾಣಗಳ ಲಕ್ಷಣದಲ್ಲಿಯೂ ‘ನಿರ್ದೋಷ’ ಎಂಬ ಶಬ್ದ ತಪ್ಪದೆ ಬರುತ್ತದೆ. ಕಣ್ಣಿಗೆ ಕಂಡದ್ದೆಲ್ಲ ಪ್ರತ್ಯಕ್ಷವಲ್ಲ. ದೋಷವಿಲ್ಲದ ಇಂದ್ರಿಯಕ್ಕೆ ದೋಷವಿಲ್ಲದ ವಿಷಯ ಒದಗಿದರೆ ಮಾತ್ರ ಪ್ರತ್ಯಕ್ಷ. ವಸ್ತು ಬಹಳ ದೂರದಲ್ಲಿರಬಹುದು, ತೀರ ಹತ್ತಿರದಲ್ಲಿರಬಹುದು, ಅತಿ ಸೂಕ್ಷ್ಮವಾಗಿರಬಹುದು, ನಡುವೆ ಮರೆಯಿರಬಹುದು, ತನ್ನಂಥವುಗಳೊಡನೆ ಬೆರೆತುಹೋಗಿರಬಹುದು. ನೋಡುವವನ ಕಣ್ಣಿಗೆ ಕಾಮಾಲೆಯಿರಬಹುದು. ಹಾಗೆಯೇ ಕಿವಿಗೆ ಬಿದ್ದ ಮಾತೆಲ್ಲ ಆಗಮವಲ್ಲ. ಆಗಮವೆಂದರೆ ದೋಷವಿಲ್ಲದ ಶಬ್ದ. ಶಬ್ದದ ದೋಷಗಳನ್ನು ಜಯತೀರ್ಥರು ಪಟ್ಟಿ ಮಾಡುತ್ತಾರೆ: ಏನನ್ನೂ ತಿಳಿಸದಿರುವುದು, ಇರುವುದಕ್ಕೆ ವಿಪರೀತವಾಗಿ ತಿಳಿಸುವುದು, ಗೊತ್ತಿದ್ದುದನ್ನೇ ಮತ್ತೆ ತಿಳಿಸುವುದು, ಪ್ರಯೋಜನವಿಲ್ಲದ್ದನ್ನು ಹೇಳುವುದು, ಮಾಡಲಾಗದ್ದನ್ನು ವಿಧಿಸುವುದು, ಸುಲಭವಾದ ದಾರಿಯಿರುವಾಗ ಕಷ್ಟದ ದಾರಿಯನ್ನು ಬೋಧಿಸುವುದು, ಹೀಗೆ. ನಮ್ಮ ಸಭೆಗಳಲ್ಲಿ ಭಾಷಣ ಮಾಡುವವರಿಗೆ ಈ ಪಟ್ಟಿಯನ್ನು ಮೊದಲೇ ಕೊಟ್ಟರೆ ಊರಿಗೆ ಉಪಕಾರವಾದೀತು.

ಹಾಗಾದರೆ ಮಾತು ಮಾತಿಗೂ ಸಂಶಯಪಡಬೇಕೇ? ಇಲ್ಲಿ ಮಧ್ವಮತ ಕ್ಲಿಫರ್ಡನಿಂದ ಬೇರೆ ದಾರಿ ಹಿಡಿಯುತ್ತದೆ. ಜ್ಞಾನವು ಹುಟ್ಟುವಾಗಲೇ ಪ್ರಮಾಣವಾಗಿ ಹುಟ್ಟುತ್ತದೆ. ಅದು ತಪ್ಪಾದರೆ ಆ ತಪ್ಪು ಹೊರಗಿನ ದೋಷದಿಂದ ಬಂದದ್ದು. ಇದಕ್ಕೆ ಸ್ವತಃಪ್ರಾಮಾಣ್ಯವೆಂದು ಹೆಸರು. ಹೀಗೆನ್ನದಿದ್ದರೆ ಒಂದು ತಿಳಿವಿಗೆ ಇನ್ನೊಂದು ಆಧಾರ, ಅದಕ್ಕೆ ಮತ್ತೊಂದು ಆಧಾರ ಎಂದು ಕೊನೆಯಿಲ್ಲದೆ ಹೋಗಬೇಕಾಗುತ್ತದೆ. ಸ್ಟೇಟ್‌ಬ್ಯಾಂಕ್ ನಿಲ್ದಾಣದಲ್ಲಿ ಕಂಡಕ್ಟರನು ‘ಸುರತ್ಕಲ್, ಸುರತ್ಕಲ್’ ಎಂದು ಕೂಗಿದರೆ ನಾವು ಅವನಲ್ಲಿ ಪುರಾವೆ ಕೇಳದೆ ಬಸ್ಸು ಹತ್ತುತ್ತೇವೆ. ಇದು ಮೌಢ್ಯವಲ್ಲ, ಬದುಕು ನಡೆಯುವುದೇ ಹೀಗೆ. ಆದರೆ ಬಸ್ಸಿನ ಬೋರ್ಡಿನಲ್ಲಿ ‘ತಲಪಾಡಿ’ ಎಂದು ಬರೆದಿದ್ದರೆ? ಈಗ ಸಂಶಯಕ್ಕೆ ಕಾರಣ ಸಿಕ್ಕಿತು. ವಿಚಾರಿಸದೆ ಹತ್ತಿದರೆ ತಪ್ಪು ನಮ್ಮದು. ಸಂಶಯ ಹುಟ್ಟಲಿಕ್ಕೂ ಕಾರಣ ಬೇಕು. ಹುಟ್ಟಿದ ಮೇಲೆ ಪರೀಕ್ಷೆ ಮಾಡದೆ ಬಿಡಬಾರದು. ಪರೀಕ್ಷೆ ಮುಗಿದ ಮೇಲೆ ಒಳಗಿನ ಸಾಕ್ಷಿ ಕೊಡುವ ನಿಶ್ಚಯವೇ ಕಡೆಯದು. ಕ್ಲಿಫರ್ಡನ ಹಡಗಿನ ಯಜಮಾನ ಈ ಅಳತೆಯಲ್ಲಿಯೂ ಅಪರಾಧಿಯೇ. ಅವನಿಗೆ ಸಂಶಯ ಬಂದಿತ್ತು. ಪರೀಕ್ಷೆ ಮಾಡುವ ಬದಲು ಅದನ್ನು ಅದುಮಿದ. ಆದರೆ ಕಂಡಕ್ಟರನನ್ನು ನಂಬಿದ ಪ್ರಯಾಣಿಕನು ಇಲ್ಲಿ ನಿರಪರಾಧಿ. ಕ್ಲಿಫರ್ಡನೂ ಬಲ್ಲವರ ಮಾತನ್ನು ಪೂರ್ತಿಯಾಗಿ ತಳ್ಳಿಹಾಕುವುದಿಲ್ಲ. ಹೇಳುವವನ ಯೋಗ್ಯತೆಯನ್ನು ವಿಚಾರಿಸಿ ನಂಬಬಹುದೆನ್ನುತ್ತಾನೆ. ಆದರೂ ನಿತ್ಯಜೀವನದ ಸಹಜವಾದ ವಿಶ್ವಾಸಕ್ಕೆ ಜಯತೀರ್ಥರು ಕೊಡುವಷ್ಟು ನೆಲೆ ಅವನಲ್ಲಿ ಕಾಣುವುದಿಲ್ಲ.

ಇನ್ನೂ ಒಂದು ಹೆಜ್ಜೆಯಿದೆ. ಯಾವುದನ್ನು ಆಧರಿಸಿ ಇನ್ನೊಂದು ಬದುಕುತ್ತದೆಯೋ ಅದು ಉಪಜೀವ್ಯ. ವೇದವನ್ನು ಕೇಳಲು ಕಿವಿ ಬೇಕು, ತಿಳಿಯಲು ಲೋಕದ ಅನುಭವ ಬೇಕು. ಆದ್ದರಿಂದ ಪರೀಕ್ಷಿತವಾದ ಪ್ರತ್ಯಕ್ಷವನ್ನು ಅಲ್ಲಗಳೆಯುವ ಶಕ್ತಿ ವೇದವಾಕ್ಯಕ್ಕೂ ಇಲ್ಲ. ಯಜಮಾನನೇ ದರ್ಭೆಯ ಕಟ್ಟು ಎಂದು ಶ್ರುತಿ ಹೇಳಿದರೆ ಹಾಗೆಂದು ನಂಬಬೇಕಾಗಿಲ್ಲ. ಆ ಮಾತಿಗೆ ಗೌಣಾರ್ಥ ಹೇಳಬೇಕು. ಅದ್ವೈತವನ್ನು ಎದುರಿಸಲು ಹೂಡಿದ ಅಸ್ತ್ರವಿದು ಎಂಬುದು ನಿಜ. ಆದರೂ ಶಾಸ್ತ್ರದ ಮಾತು ಕಣ್ಣಿನ ಸಾಕ್ಷ್ಯವನ್ನು ನುಂಗಬಾರದೆಂದು ಆಸ್ತಿಕ ಪರಂಪರೆಯೊಂದು ಕಟ್ಟಳೆ ಮಾಡಿತೆಂಬುದನ್ನು ಮರೆಯಬಾರದು.

ಈ ಕಟ್ಟಳೆಯ ಬೆಲೆಯನ್ನು ತಿಳಿಯಲು ಕದ್ರಿಯ ಗುಡ್ಡ ಹತ್ತಿದರೆ ಸಾಕು. ಮಂಜುನಾಥನ ಗುಡಿಯಲ್ಲಿ ಮೂರು ಮುಖ, ಆರು ಕೈಗಳ ಒಂದು ಭವ್ಯವಾದ ಕಂಚಿನ ಮೂರ್ತಿಯಿದೆ. ಭಕ್ತರು ತಲೆತಲಾಂತರದಿಂದ ಅದನ್ನು ತಮ್ಮ ದೇವರೆಂದು ಕೈಮುಗಿದು ಬಂದಿದ್ದಾರೆ. ಅದರ ಪೀಠದ ಮೇಲಿನ ಸಂಸ್ಕೃತ ಶಾಸನ ಬೇರೆ ಕಥೆಯನ್ನು ಹೇಳುತ್ತದೆ: ಆಳುಪ ಅರಸ ಕುಂದವರ್ಮನು ಕದರಿಕಾ ವಿಹಾರದಲ್ಲಿ ಲೋಕೇಶ್ವರನನ್ನು ಪ್ರತಿಷ್ಠೆ ಮಾಡಿಸಿದನು. ಅದರ ಕಾಲ ಕ್ರಿ.ಶ. 968 ಎಂದು ಸಾಮಾನ್ಯವಾಗಿ ಎಣಿಸುತ್ತಾರೆ. ವಿಹಾರ, ಲೋಕೇಶ್ವರ ಎಂಬ ಶಬ್ದಗಳು ಬೌದ್ಧರವು. ಅದೇ ಶಾಸನದಲ್ಲಿ ಅರಸನು ತನ್ನನ್ನು ಚಂದ್ರಚೂಡನ ಪಾದಕಮಲದ ದುಂಬಿ ಎಂದು ಕರೆದುಕೊಳ್ಳುತ್ತಾನೆ. ಈ ಗುಡಿ ಮೊದಲಿನಿಂದಲೂ ಹೀಗೆಯೇ ಇತ್ತು ಎನ್ನುವವನಿಗೆ ಎದುರು ಪುರಾವೆ ಗುಡಿಯೊಳಗೇ ಇದೆ. ಆ ಪುರಾವೆಯನ್ನು ಓದಿದ್ದರಿಂದ ಪೂಜೆ ನಿಲ್ಲಲಿಲ್ಲ, ಮಂಜುನಾಥನ ಮಹಿಮೆಗೆ ಕುಂದು ಬರಲಿಲ್ಲ. ಭಕ್ತಿ ಒಂದು, ಚರಿತ್ರೆಯ ಬಗ್ಗೆ ಆಡುವ ಮಾತು ಇನ್ನೊಂದು. ಎರಡನೆಯದು ಬಾಯಿಂದ ಹೊರಟರೆ ಕಲ್ಲಿನಲ್ಲಿ, ಕಂಚಿನಲ್ಲಿ ಬರೆದಿರುವುದಕ್ಕೆ ಅದು ತಲೆಬಾಗಲೇಬೇಕು.

ಮಾತನ್ನು ನಂಬಬಹುದು ಎಂದ ಮೇಲೆ ಯಾರ ಮಾತನ್ನು ಎಂಬ ಪ್ರಶ್ನೆ ಬರುತ್ತದೆ. ನಂಬಲು ತಕ್ಕವನಿಗೆ ನಮ್ಮ ಶಾಸ್ತ್ರಗಳಲ್ಲಿ ‘ಆಪ್ತ’ನೆಂದು ಹೆಸರು. ಈ ಪ್ರಶ್ನೆಯನ್ನೇ ಹೆಸರಾಗಿ ಇಟ್ಟುಕೊಂಡ ಗ್ರಂಥ, ಕನ್ನಡ ಜೈನಕವಿಗಳು ಅನೇಕರು ಸ್ಮರಿಸಿದ ಸಮಂತಭದ್ರಾಚಾರ್ಯರ ‘ಆಪ್ತಮೀಮಾಂಸೆ’. ಇದರ ಆರಂಭವೇ ಅದ್ಭುತ. ಕವಿ ತನ್ನ ಜಿನನಿಗೇ ಹೇಳುತ್ತಾನೆ: ದೇವತೆಗಳು ನಿನ್ನಲ್ಲಿಗೆ ಇಳಿದು ಬರುತ್ತಾರೆ, ನೀನು ಆಕಾಶದಲ್ಲಿ ಸಂಚರಿಸುತ್ತೀಯೆ, ನಿನಗೆ ಚಾಮರ ಬೀಸುತ್ತಾರೆ, ಆದರೆ ಇದೆಲ್ಲ ಮಾಯಾವಿಗಳಲ್ಲಿಯೂ ಕಾಣುವುದರಿಂದ ಇಷ್ಟಕ್ಕೇ ನೀನು ನಮಗೆ ದೊಡ್ಡವನಲ್ಲ. ಸ್ತೋತ್ರ ಮಾಡಲು ಕುಳಿತವನು ಸ್ತುತ್ಯನಲ್ಲೇ ಪುರಾವೆ ಕೇಳುತ್ತಾನೆ! ಮಾತು ಯುಕ್ತಿಗೂ ಶಾಸ್ತ್ರಕ್ಕೂ ವಿರೋಧವಾಗದಿರುವುದೇ ನಿರ್ದೋಷತ್ವಕ್ಕೆ ಗುರುತು ಎಂಬುದು ಅವರ ನಿರ್ಣಯ. ಎಂಟನೆಯ ಶತಮಾನದ ಅಕಲಂಕರೂ ಅವರ ಅನಂತರ ವಿದ್ಯಾನಂದರೂ ಇದಕ್ಕೆ ವ್ಯಾಖ್ಯಾನ ಬರೆದು ಬೆಳೆಸಿದರು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲು ಸಮಿತಿಯೊಂದನ್ನು ರಚಿಸಿದಾಗ ಇದು ಪಶ್ಚಿಮದಿಂದ ತಂದ ಉದ್ಧಟತನವೆಂದು ತಿಳಿದವರಿದ್ದರು. ಆಪ್ತಮೀಮಾಂಸೆಯ ಮೊದಲ ಶ್ಲೋಕವನ್ನು ಬಲ್ಲವರು ಹಾಗೆ ತಿಳಿಯಲಾರರು. ಇಸ್ಲಾಮಿನ ವಿದ್ವಾಂಸರೂ ಪ್ರವಾದಿಗಳ ಮಾತೆಂದು ಬಂದುದನ್ನೆಲ್ಲ ಹಾಗೆಯೇ ಸ್ವೀಕರಿಸಲಿಲ್ಲ; ಯಾರು ಯಾರಿಂದ ಕೇಳಿದರು ಎಂಬ ಸರಪಣಿಯ ಒಂದೊಂದು ಕೊಂಡಿಯನ್ನೂ, ಆ ವ್ಯಕ್ತಿಯ ನೆನಪು, ನಡತೆಗಳನ್ನೂ ವಿಚಾರಿಸಲು ಅವರು ಒಂದು ಶಾಸ್ತ್ರವನ್ನೇ ಕಟ್ಟಿದರು.

ಅಕ್ವಿನಾಸರದು ಇನ್ನೊಂದು ಬಗೆಯ ಪ್ರಾಮಾಣಿಕತೆ. ಮಧ್ವಾಚಾರ್ಯರು ಹುಟ್ಟುವ ಕೆಲವೇ ವರ್ಷಗಳ ಹಿಂದೆ ಹುಟ್ಟಿ, 1274ರಲ್ಲಿ ತೀರಿಕೊಂಡವರು ಅವರು. ಒಂದನ್ನು ಒಬ್ಬನು ಏಕಕಾಲದಲ್ಲಿ ತಿಳಿದೂ ನಂಬಿಯೂ ಇರಲಾರನು ಎನ್ನುತ್ತಾರೆ. ಸಿದ್ಧವಾದದ್ದು ಜ್ಞಾನ, ಸಿದ್ಧವಾಗದೆ, ಸಂಕಲ್ಪದ ಬಲದಿಂದ ಬುದ್ಧಿ ಒಪ್ಪಿಕೊಂಡದ್ದು ವಿಶ್ವಾಸ. ಲೋಕಕ್ಕೆ ಆದಿಯುಂಟೆಂಬುದು ಅವರಿಗೆ ವಿಶ್ವಾಸದ ವಿಷಯ. ಅದನ್ನು ತರ್ಕದಿಂದ ಸಾಧಿಸಲು ಹೊರಟವರನ್ನು ಅವರು ತಡೆಯುತ್ತಾರೆ: ದುರ್ಬಲ ಯುಕ್ತಿಗಳನ್ನು ತಂದರೆ, ಇಂಥವನ್ನು ನೆಚ್ಚಿ ಇವರು ನಂಬಿದ್ದಾರೆಂದು ಹೊರಗಿನವರು ನಗುತ್ತಾರೆ. ತನ್ನ ಮತದ ಪರವಾದ ಕೆಟ್ಟ ವಾದವನ್ನು ತಾನೇ ಬೇಡವೆನ್ನುವ ಧೈರ್ಯ ಇಂದಿನ ಎಷ್ಟು ಪಂಡಿತರಿಗಿದೆ? ಇದಕ್ಕೂ ಮಿಗಿಲಾದ ಮಾತೊಂದಿದೆ. ಕ್ರಿಸ್ತನಲ್ಲಿ ವಿಶ್ವಾಸವಿಡುವುದು ಒಳ್ಳೆಯದೇ. ಆದರೆ ಒಬ್ಬನ ಬುದ್ಧಿಗೆ ಅದು ಕೆಟ್ಟದ್ದೆಂದು ತೋರುತ್ತಿದ್ದರೆ, ಹಾಗೆ ತೋರುತ್ತಿರುವಾಗಲೂ ಅವನು ಅದನ್ನು ಬಯಸುವುದು ಪಾಪ. ತನ್ನ ಅರಿವಿಗೆ ವಿರುದ್ಧವಾಗಿ ನಂಬುವ ಹಕ್ಕು ಯಾರಿಗೂ ಇಲ್ಲ ಎಂದಂತಾಯಿತು. ಇದು ಕ್ಲಿಫರ್ಡನ ಸಿದ್ಧಾಂತಕ್ಕೆ ದೂರದ ಮಾತಲ್ಲ.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಇದು ವಿಮರ್ಶೆಯಾಗದೆ ಅಭಿನಂದನ ಪತ್ರವಾದೀತು. ಮೂವರಲ್ಲಿಯೂ ಒಂದು ಎಡೆಯಲ್ಲಿ ಪರೀಕ್ಷೆಯ ಕೈ ತಡೆಯುತ್ತದೆ. ವೇದಕ್ಕೆ ಕರ್ತೃವಿಲ್ಲ, ಕರ್ತೃವಿಲ್ಲದ್ದರಿಂದ ಕರ್ತೃದೋಷವಿಲ್ಲ, ಆದ್ದರಿಂದ ಅದು ಪ್ರಮಾಣ ಎಂಬುದು ಮಧ್ವರ ವಾದ. ಹೇಳಿದವನೇ ಇಲ್ಲದ ಮಾತಿಗೆ ದೋಷವಿಲ್ಲದಿದ್ದರೆ ಆಪ್ತನ ಗುಣವಾದರೂ ಎಲ್ಲಿಂದ ಬಂತು ಎಂದು ಜೈನರು ಕೇಳಿದರು, ಸರಿಯಾದ ಪ್ರಶ್ನೆ. ಆದರೆ ಜೈನರ ಸರದಿ ಬಂದಾಗ? ಸೂಕ್ಷ್ಮವಾದ, ಮರೆಯಾದ, ದೂರದ ವಸ್ತುಗಳು ಅನುಮಾನಕ್ಕೆ ಸಿಗುವುದರಿಂದ ಅವು ಬೆಂಕಿಯಂತೆ ಯಾರಿಗೋ ಪ್ರತ್ಯಕ್ಷವಾಗಿರಲೇಬೇಕು, ಆದ್ದರಿಂದ ಸರ್ವಜ್ಞನಿದ್ದಾನೆ ಎಂದು ಸಮಂತಭದ್ರರು ಹಾರಿಬಿಡುತ್ತಾರೆ. ಪವಾಡವನ್ನು ಒಪ್ಪದ ಬುದ್ಧಿ ಈ ಹಾರಿಕೆಯನ್ನು ಹೇಗೆ ಒಪ್ಪಿತೋ! ಅಕ್ವಿನಾಸರ ವಿಷಯದಲ್ಲಿ ಇದರ ಫಲ ಇನ್ನೂ ಕ್ರೂರವಾಯಿತು. ವಿಶ್ವಾಸವು ಸಂಕಲ್ಪಕ್ಕೆ ಸೇರಿದ್ದು, ಆದ್ದರಿಂದ ಅನ್ಯಮತೀಯರನ್ನು ಅದಕ್ಕಾಗಿ ಬಲಾತ್ಕರಿಸಕೂಡದು ಎಂದ ಅವರೇ, ಒಮ್ಮೆ ಒಪ್ಪಿ ಅನಂತರ ಭಿನ್ನಮತವನ್ನು ಬಿಡದೆ ಹಿಡಿದವರನ್ನು ಮರಣದಂಡನೆಗೆ ಒಪ್ಪಿಸಬಹುದೆಂದೂ ಬರೆದರು. 1560ರಿಂದ 1812ರವರೆಗೆ ಗೋವೆಯಲ್ಲಿ ಇಂಕ್ವಿಜಿಶನ್ ನಡೆಯಿತು. ಗೋವೆಯ ಮೂಲವನ್ನು ನೆನೆಯುವ ಕುಟುಂಬಗಳು, ಕ್ರೈಸ್ತರೂ ಗೌಡ ಸಾರಸ್ವತರೂ, ತುಂಬಿರುವ ಈ ಊರಿನಲ್ಲಿ ಅದು ಪುಸ್ತಕದ ವಿಷಯ ಮಾತ್ರವಲ್ಲ.

ಆದ್ದರಿಂದ ಮಧ್ಯಯುಗದವರು ಪ್ರಮಾಣವಿಲ್ಲದೆ ನಂಬಿದರೆಂಬ ದೂರು ನಿಲ್ಲುವುದಿಲ್ಲ. ಪ್ರಮಾಣವೆಂದರೇನು, ದೋಷವೆಂದರೇನು ಎಂದು ಅವರು ಪಟ್ಟ ಶ್ರಮದ ಹತ್ತರಲ್ಲೊಂದು ಪಾಲನ್ನೂ ನಾವು ಪಡುವುದಿಲ್ಲ. ಅವರ ಮೇಲೆ ನಿಲ್ಲುವ ದೂರು ಬೇರೆ: ಎಲ್ಲರ ಮಾತನ್ನೂ ಒರೆಗೆ ಹಚ್ಚಿ, ತಮ್ಮದೊಂದು ಮಾತನ್ನು ಮಾತ್ರ ಒರೆಗಲ್ಲಿನಿಂದ ಆಚೆಗಿಟ್ಟರು.

ಈಗ ಕ್ಲಿಫರ್ಡನ ಎರಡನೆಯ ದೃಷ್ಟಾಂತ. ಒಂದು ದ್ವೀಪದಲ್ಲಿ ಬೇರೆ ಮತದ ಕೆಲವರಿದ್ದಾರೆ. ಅವರು ಮಕ್ಕಳನ್ನು ತಮ್ಮ ಮತಕ್ಕೆ ಸೆಳೆಯಲು ಅನ್ಯಾಯದ ದಾರಿ ಹಿಡಿದಿದ್ದಾರೆ, ಮಕ್ಕಳನ್ನು ಕದ್ದೊಯ್ದು ಬಚ್ಚಿಡುತ್ತಾರೆ ಎಂಬ ಗಾಳಿಮಾತು ಹಬ್ಬುತ್ತದೆ. ಕೆಲವರು ಸಂಘ ಕಟ್ಟಿ ಹೆಸರು ಹಿಡಿದು ಆರೋಪ ಮಾಡುತ್ತಾರೆ. ವಿಚಾರಣೆ ನಡೆದಾಗ ಆರೋಪಿತರು ನಿರ್ದೋಷಿಗಳೆಂದು ಗೊತ್ತಾಗುತ್ತದೆ. ಸ್ವಲ್ಪ ವಿಚಾರಿಸಿದ್ದರೆ ಆರೋಪ ಮಾಡಿದವರಿಗೂ ಅದು ಗೊತ್ತಾಗುತ್ತಿತ್ತು. ಕ್ಲಿಫರ್ಡ್ ಇದನ್ನು ಕಲ್ಪಿಸಿ ಬರೆದದ್ದು. 2018ರ ಜುಲೈಯಲ್ಲಿ ನಮ್ಮ ಬೀದರ್ ಜಿಲ್ಲೆಯಲ್ಲಿ ಅದು ಕಲ್ಪನೆಯಾಗಿ ಉಳಿಯಲಿಲ್ಲ. ಹೈದರಾಬಾದಿನಿಂದ ಬಂದಿದ್ದ ಕೆಲವು ಯುವಕರು ದಾರಿಯ ಹಳ್ಳಿಯೊಂದರಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟರು. ಮಕ್ಕಳ ಕಳ್ಳರೆಂಬ ಸುದ್ದಿ ವಾಟ್ಸಾಪಿನಲ್ಲಿ ಅವರ ಕಾರಿಗಿಂತ ಮುಂಚೆ ಮುರ್ಕಿ ಗ್ರಾಮವನ್ನು ತಲಪಿತು. ಜನ ಕಾರನ್ನು ಅಡ್ಡಹಾಕಿ ಹೊಡೆದರು, ಒಬ್ಬನು ಸತ್ತನು. ಹೊಡೆದವರಲ್ಲಿ ಮನಃಪೂರ್ವಕವಾಗಿ ನಂಬಿ ಹೊಡೆದವರೂ ಇದ್ದಿರಬೇಕು. ಹಡಗಿನ ಯಜಮಾನನೂ ಮನಃಪೂರ್ವಕವಾಗಿಯೇ ನಂಬಿದ್ದನು.

ಆ ತಿಂಗಳಲ್ಲೇ ವಾಟ್ಸಾಪ್ ಸಂಸ್ಥೆ, ಭಾರತದಲ್ಲಿ ಒಂದು ಸಂದೇಶವನ್ನು ಒಂದೇ ಸಲಕ್ಕೆ ಐದಕ್ಕಿಂತ ಹೆಚ್ಚು ಕಡೆಗೆ ದಾಟಿಸದಂತೆ ಮಿತಿ ಹಾಕುವುದಾಗಿ ಸಾರಿತು. ಮಿತಿ ಬಿದ್ದದ್ದು ಸಂಖ್ಯೆಗೆ, ದೋಷಕ್ಕಲ್ಲ. ದೋಷದ ಪರೀಕ್ಷೆ ಕೈಯಲ್ಲಿ ಫೋನು ಹಿಡಿದವನ ಕೆಲಸ. ಮಾತಿಗೆ ಕರ್ತೃವೇ ಇಲ್ಲದಿರುವುದನ್ನು ಮಧ್ವರು ವೇದದ ಹಿರಿಮೆಯೆಂದರು. ಇಂದು ಯಾರು ಹೇಳಿದರೆಂದೇ ತಿಳಿಯದ ಸಂದೇಶಕ್ಕೆ ನಾವು ಅದೇ ಮರ್ಯಾದೆಯನ್ನು ಕೊಡುತ್ತಿದ್ದೇವೆ, ಅವರು ಮಾಡಿದ ವಿಚಾರವೊಂದನ್ನೂ ಮಾಡದೆ.

ಅಮೆರಿಕದ ವಿಲಿಯಂ ಜೇಮ್ಸ್ 1896ರಲ್ಲಿ ಕ್ಲಿಫರ್ಡನಿಗೆ ಉತ್ತರ ಕೊಟ್ಟನು. ಪುರಾವೆ ಎತ್ತಲೂ ವಾಲದಿರುವಾಗ, ತಪ್ಪಿಸಿಕೊಳ್ಳಲಾಗದ ದೊಡ್ಡ ಪ್ರಶ್ನೆಗಳಲ್ಲಿ, ಹೃದಯದ ಒಲವಿನಂತೆ ನಂಬಲು ಮನುಷ್ಯನಿಗೆ ಹಕ್ಕುಂಟು ಎಂಬುದು ಅವನ ವಾದದ ಸಾರ. ದೇವರ ವಿಷಯದಲ್ಲಿ, ಸಾವಿನಾಚೆಯ ವಿಷಯದಲ್ಲಿ ಇದನ್ನು ಒಪ್ಪಲು ನನಗೆ ಅಡ್ಡಿಯಿಲ್ಲ. ಅಲ್ಲಿ ನಂಬಿದವನು ಪಣವಾಗಿಡುವುದು ತನ್ನ ಬಾಳನ್ನೇ. ಪಕ್ಕದ ಮನೆಯವನ ವಿಷಯದಲ್ಲಿ ಈ ಹಕ್ಕು ನಮಗಿಲ್ಲ, ಅಲ್ಲಿ ಪಣವಾಗುವುದು ಅವನ ಬಾಳು. ಬೇರೊಬ್ಬನ ಮಾನಪ್ರಾಣಗಳಿಗೆ ತಾಗುವ ಮಾತು ಬಂದಾಗ ಮೂರು ಪ್ರಶ್ನೆ ಕೇಳದೆ ನಂಬುವುದು ಪಾಪ: ಕಂಡವರ ಕಣ್ಣಿಗೆ ದೋಷವಿತ್ತೇ? ಹೇಳಿದವನು ಆಪ್ತನೇ? ಇದು ನನಗೆ ಹಿತವಾಗಿದೆ ಎಂಬ ಕಾರಣಕ್ಕೆ ನನ್ನ ಸಂಶಯವನ್ನು ನಾನೇ ಅದುಮುತ್ತಿದ್ದೇನೆಯೇ? ಮೊದಲನೆಯದನ್ನು ಜಯತೀರ್ಥರಿಂದ, ಎರಡನೆಯದನ್ನು ಸಮಂತಭದ್ರರಿಂದ, ಮೂರನೆಯದನ್ನು ಕ್ಲಿಫರ್ಡನಿಂದ ಕಲಿಯಬಹುದು. ಕೇಳಬೇಕಾದವರು ಮಾತ್ರ ನಾವೇ.